ಅಪ್ಪನಿಗೂ ಒಂದು ಪ್ರಶ್ನೆ ಬರೆದುಕೊಡಿ

ಮಾನ್ಯರೇ, ಕ್ಷಮಿಸಿ, ಫೋನಿಗೆ ಹೇಳಿ ಬರೆಸುತ್ತಿರುವ ಈ ಪತ್ರವನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೇನೆ. ಹಿಂದಿನ ರೆಕಾರ್ಡಿಂಗಿನಲ್ಲಿ ಸಿಟ್ಟು ಜಾಸ್ತಿಯಾಗಿ ವಿಷಯವೇ ಬಿಟ್ಟುಹೋಗಿತ್ತು. ವಿಷಯ ಇಷ್ಟೇ: ವೈದ್ಯಕೀಯ ಕಾಲೇಜಿನ ಪರೀಕ್ಷಾ ಮುಖ್ಯಸ್ಥರಾದ ನೀವು, ಮಕ್ಕಳಿಗೆ ಔಷಧ ಕೊಡುವ ವಿದ್ಯೆಯನ್ನು ಒಂದು ಪ್ರಶ್ನೆಯನ್ನೂ ಕೇಳದ ಅಪ್ಪನ ಮುಂದೆ ಪರೀಕ್ಷಿಸುತ್ತಿದ್ದೀರಿ. ಆ ಅಪ್ಪ ನಾನೇ.

ಓದುವವರಿಗೂ ಗೊತ್ತಾಗಲಿ. ನಾಟಕದ ಗೀಳಿರುವ ನನ್ನನ್ನು ಎಷ್ಟೋ ವರ್ಷಗಳಿಂದ ಪರೀಕ್ಷೆಯ ದಿನ ಅಪ್ಪನ ಪಾತ್ರಕ್ಕೆ ಕರೆಯುತ್ತಾರೆ. ಮಡಿಲಲ್ಲಿ ರಬ್ಬರ್ ಗೊಂಬೆ, ಅದಕ್ಕೆ ಜ್ವರ. ವಿದ್ಯಾರ್ಥಿ ಮಗುವಿನ ತೂಕಕ್ಕೆ ಲೆಕ್ಕ ಹಾಕಿ ಔಷಧ ಎಷ್ಟೆಂದು ಹೇಳಬೇಕು. ನಿಮ್ಮ ಕಚೇರಿ ನನಗೆ ಬರೆದುಕೊಟ್ಟಿರುವ ಮಾತು ಒಂದೇ, ‘ಸರಿ ಡಾಕ್ಟ್ರೇ’. ಎಂಥ ಸಜ್ಜನ ಅಪ್ಪ! ಗೊಂಬೆಯಾದರೂ ಹೊಟ್ಟೆ ಒತ್ತಿದರೆ ಅಳುತ್ತದೆ.

ತಾಲೀಮಿನಲ್ಲಿ ಒಮ್ಮೆ ನಾನು ‘ಯಾವ ಸೀಸೆಯಿಂದ ಕೊಡ್ಲಿ?’ ಎಂದು ಕೇಳಿದ್ದೆ. ಪರೀಕ್ಷಕರು ಹೊರಗೆ ಕರೆದು, ಬರೆಯದ ಪ್ರಶ್ನೆ ಕೇಳಿದರೆ ಆ ವಿದ್ಯಾರ್ಥಿಯ ಸಮಯ ಹೋಗುತ್ತದೆ, ಅಂಕ ಹೋಗುತ್ತದೆ, ಎಲ್ಲರಿಗೂ ಒಂದೇ ಥರದ ಅಪ್ಪ ಸಿಗಬೇಕು ಎಂದರು. ನ್ಯಾಯವೇ ಬಿಡಿ. ಕಲಿಸದೆ ಬಿಡುವುದರಲ್ಲೂ ಸಮಾನತೆ ಬೇಡವೇ?

ಹೋದ ವಾರ ನನ್ನ ಮೊಮ್ಮಗಳಿಗೆ ಜ್ವರ ಬಂತು. ಮಗಳ ಜೊತೆ ಇದೇ ಆಸ್ಪತ್ರೆಗೆ ಬಂದೆ. ನೋಡಿದವನು ನನ್ನ ಎದುರೇ ಪಾಸಾಗಿದ್ದ ಹುಡುಗ, ಈಗ ಡಾಕ್ಟರು. ಲೆಕ್ಕ ಸರಿಯಾಗಿಯೇ ಹಾಕಿ, ಜ್ವರದ ಔಷಧ ಐದು ಮಿಲಿ ಕೊಡಿ ಎಂದ. ಔಷಧ ಮನೆಯಲ್ಲೇ ಇದೆ ಎಂದಳು ಮಗಳು. ಅವನು ಸಿರಪ್ಪನ್ನು ನೆನೆದು ಹೇಳಿದ್ದ. ಮನೆಯಲ್ಲಿದ್ದದ್ದು ಹಸುಗೂಸುಗಳಿಗೆ ಹನಿ ಲೆಕ್ಕದಲ್ಲಿ ಹಾಕುವ ಪುಟ್ಟ ಸೀಸೆ. ಅದೇ ಹೆಸರು, ಅದೇ ಬಣ್ಣದ ಡಬ್ಬಿ, ಆದರೆ ಅಷ್ಟೇ ಅಳತೆಯಲ್ಲಿ ಔಷಧದ ಅಂಶ ನಾಲ್ಕು ಪಟ್ಟು. ಅದರಿಂದಲೇ ಐದು ಮಿಲಿ ಅಳೆದು ಹೊತ್ತುಹೊತ್ತಿಗೆ ಕುಡಿಸಿದಳು. ಸೀಸೆ ಬೇಗ ಖಾಲಿಯಾಯಿತೆಂದು ಇನ್ನೊಂದು ತಂದುಕೊಟ್ಟವನು ನಾನು.

ಮಗು ವಾಂತಿ ಮಾಡಿ ಸುಸ್ತಾದಾಗ ಮತ್ತೆ ಓಡಿ ಬಂದೆವು. ಅದೇ ಹುಡುಗ ಸೀಸೆ ತಿರುಗಿಸಿ ಲೇಬಲ್ ಓದಿದ.

“ಅಂಕಲ್, ಪರೀಕ್ಷೇಲಿ ನೀವು ಇದನ್ನ ಕೇಳ್ಲೇ ಇಲ್ವಲ್ಲ” ಎಂದ. ತಪ್ಪು ಹೊರಿಸಲು ಹೇಳಿದ್ದಲ್ಲ, ಪಾಪ, ಅಳುವ ಹಾಗಿದ್ದ.

ಮಗಳು ಮಾತ್ರ ನನ್ನ ಕಡೆ ತಿರುಗಿದಳು. “ಅಪ್ಪ, ಅಷ್ಟು ವರ್ಷ ಅಲ್ಲಿ ಕೂತು ಬರೀ ತಲೆ ಆಡಿಸ್ತಿದ್ಯಾ?”

ಮಗು ಈಗ ಮೇಲಿನ ವಾರ್ಡಿನಲ್ಲಿದೆ. ಲಿವರಿಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ, ಇವತ್ತಿನ ರಕ್ತಪರೀಕ್ಷೆ ಹೇಳಬೇಕು. ನಾನು ಕೆಳಗೆ ಪರೀಕ್ಷಾ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ, ಗೊಂಬೆ ಹಿಡಿದುಕೊಂಡು. ಬಿಟ್ಟು ಹೋಗೋಣವೆಂದರೆ ನನ್ನ ಜಾಗಕ್ಕೆ ಇನ್ನೊಬ್ಬ ‘ಸರಿ ಡಾಕ್ಟ್ರೇ’ ಬರುತ್ತಾನೆ. ಇದ್ದರೆ ನಾನೇ ಅವನು.

ಆದ್ದರಿಂದ ಮಾನ್ಯರೇ, ಆ ಪ್ರಶ್ನೆಯನ್ನು ಪಾತ್ರದೊಳಗೇ ಬರೆಯಿರಿ. ಅಪ್ಪನ ಕೈಗೆ ಎರಡೂ ಸೀಸೆ ಕೊಡಿ. ವಿದ್ಯಾರ್ಥಿ ತಾನಾಗಿ ‘ಮನೇಲಿರೋದನ್ನ ತೋರಿಸಿ’ ಎಂದು ಕೇಳಿ, ಅಳತೆಯ ಗೆರೆ ಮುಟ್ಟಿ ತೋರಿಸಿ, ಅಪ್ಪನ ಬಾಯಿಂದ ಮತ್ತೊಮ್ಮೆ ಹೇಳಿಸದ ಹೊರತು ಯಾರನ್ನೂ ಪಾಸು ಮಾಡಬೇಡಿ.

ಇಂತಿ, ನಿಮ್ಮ ಬಾಡಿಗೆಯ ಅಪ್ಪ ಮತ್ತು ಒಬ್ಬಳ ನಿಜವಾದ ಅಜ್ಜ…

ತಡೆಯಿರಿ, ಕರೆಯುತ್ತಿದ್ದಾರೆ. ಮೊದಲನೆಯ ಹುಡುಗಿ ಒಳಗೆ ಕೂತಿದ್ದಾಳೆ, ಬಾಗಿಲ ಸಂದಿಯಿಂದ ಕಾಣುತ್ತಾಳೆ, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಾಳೆ. ನಾನು ಕೇಳಿದರೆ ಅವಳ ಅಂಕ ಹೋಗುತ್ತದೆ. ಕೇಳದಿದ್ದರೆ… ಬಂದೆ ಸರ್, ಬಂದೆ. ಇಡುತ್ತೇನೆ.