ಬಾಲದ ಹಗ್ಗ

ಲೋ, ನೀನು ಬದುಕಿಲ್ಲ ಅಂತ ಗೊತ್ತಿದ್ದೂ ನಿನ್ನ ಹತ್ರಾನೇ ಮಾತಾಡ್ತಿದೀನಿ. ಇವತ್ತು ಒಂದು ಹೆಣ್ಣು ಕುದುರೆಯ ಮುರಿದ ಕಾಲಿಗೆ ಆಪರೇಷನ್ ಮಾಡಿ ಸ್ಟೀಲ್ ಪ್ಲೇಟ್ ಹಾಕಿದೆ, ಮೂಳೆ ಚೆನ್ನಾಗಿ ಕೂತ್ಕೊಳ್ತು. ಆದ್ರೆ ಅರಿವಳಿಕೆ ಇಳಿದು ಎದ್ದು ನಿಲ್ಲುವಾಗ ಬಿದ್ರೆ ಕಾಲು ಮತ್ತೆ ಪುಡಿ ಅಂತ ಕ್ಲಾಸಲ್ಲಿ ಹೇಳೋನು ನಾನೇ ತಾನೆ? ಕುದುರೆ ಎಬ್ಬಿಸೋಕೆ ಬಾಲಕ್ಕೆ ಕಟ್ಟೋ ಹಗ್ಗ ಮಾತ್ರ ಯಾವಾಗ್ಲೂ ನಮ್ಮ ಆಸ್ಪತ್ರೆ ಅಟೆಂಡರ್ ಆಗಿದ್ದ ನಿನ್ನ ಕೈಲಿರ್ತಿತ್ತು. “ಪ್ರೊಫೆಸರೇ, ನೀವು ಕೊಯ್ಯೋಕಷ್ಟೇ ಲಾಯಕ್ಕು, ಆಚೆ ನಡೀರಿ” ಅಂತ ನನ್ನನ್ನ ಅಟ್ತಿದ್ದೆ.

ಇವತ್ತು ಹಗ್ಗ ನಾನು ಹಿಡಿದೆ. ಎದ್ದಳು, ಜಾರಿ ಗೋಡೆಗೆ ಬಡಿದಳು. ಯಾವಾಗ ಎಳೀಬೇಕು ಅಂತ ನಿನ್ನ ಒಂದು ದಿನಾನೂ ಕೇಳಿರಲಿಲ್ಲ ಕಣೋ. ಕಣ್ಮುಚ್ಚಿ ಎಳೆದೆ. ನಿಂತಳು.

“ಸರ್, ನಿಂತ್ಲು, ಹಗ್ಗ ಬಿಡಿ” ಅಂದ್ರು ವಿದ್ಯಾರ್ಥಿಗಳು. ಬೆರಳು ಬಿಚ್ಚಲೇ ಇಲ್ಲ. ನಾಳೆ ಇನ್ನೊಂದು ಕುದುರೆ ಬರುತ್ತೆ, ಯಾವಾಗ ಎಳೀಬೇಕು ಅಂತ ಯಾರನ್ನ ಕೇಳ್ಲಿ?