ಒಂದನೇ ತಾರೀಖಿನ ಪ್ರಶ್ನೆ

ಮಗಳೇ,

ನಿಮ್ಮಪ್ಪ ಹೋಗಿ ಎಂಟು ತಿಂಗಳಾದರೂ ಅವರ ಡಿಜಿಟಲ್ ನಾಣ್ಯಗಳ ಪಾಸ್‌ವರ್ಡ್ ನಿನಗೆ ಬಂದಿಲ್ಲವೆಂದು ಕಂಪನಿಯವರನ್ನು ಬೈಯಬೇಡ. ತಪ್ಪು ನನ್ನದು.

ನಮ್ಮ ದುಡ್ಡಿದ್ದ ಬ್ಯಾಂಕು ಮುಳುಗಿದ ವರ್ಷ ಅವರು ಮಾಡಿಟ್ಟ ಏರ್ಪಾಡು ನಿನಗೆ ಗೊತ್ತಲ್ಲ. ಪ್ರತಿ ತಿಂಗಳು ಒಂದನೇ ತಾರೀಖು ಅವರ ಫೋನು "ಇದ್ದೀರಾ?" ಎಂದು ಕೇಳುತ್ತದೆ. ಸಂಜೆಯೊಳಗೆ ಉತ್ತರ ಹೋಗದಿದ್ದರೆ ಕಂಪನಿಯಿಂದ ಪಾಸ್‌ವರ್ಡ್ ನಿನಗೆ ಬರುತ್ತದೆ. "ನಾನು ಹೋದ್ಮೇಲೆ ನೀನು ಸುಮ್ನಿದ್ಬಿಡು, ಅಷ್ಟೇ ಕೆಲಸ," ನನಗೆ ಅಂದಿದ್ದರು.

ಅಷ್ಟೂ ನನ್ನಿಂದಾಗಲಿಲ್ಲ. ಹೊಲಿಗೆ ಮಷೀನಿನ ಮೇಲಿಟ್ಟ ಅವರ ಫೋನಿನಲ್ಲಿ ಆ ಪ್ರಶ್ನೆ ಮಿನುಗಿದಾಗಲೆಲ್ಲ "ಇದ್ದೇನೆ" ಒತ್ತಿದ್ದೇನೆ. ಒತ್ತಿದೊಡನೆ ಒಳಕೋಣೆಯಲ್ಲಿ ಅವರು ಕೆಮ್ಮಿದ ಹಾಗಾಗುತ್ತದೆ.

ನಿನ್ನ ಅಂಗಡಿ ಮುಚ್ಚುವ ಹಂತಕ್ಕೆ ಬಂದಿದೆಯೆಂದು ಗೊತ್ತು. ಮುಂದಿನ ಒಂದನೇ ತಾರೀಖು ಬೆಳಿಗ್ಗೆಯೇ ಬಾ. ಸಂಜೆಯವರೆಗೂ ನನ್ನ ಎರಡೂ ಕೈ ಹಿಡಿದುಕೊಂಡು ಕೂತಿರು.

ನಿನ್ನ ಅಮ್ಮ