ಬಿಸಿಲಿನ ರೀಡಿಂಗು

೬ ಫೆಬ್ರುವರಿ ೧೯೮೯, ಸೋಮವಾರ

ಇವತ್ತೂ ಮಧ್ಯಾಹ್ನವೆಲ್ಲ ಪಾಲಿಟೆಕ್ನಿಕ್ಕಿನ ಟೆರೇಸಿನಲ್ಲೇ. ಸೋಲಾರ್ ಬೋರ್ಡು ಮುಗಿಯುತ್ತ ಬಂತು. ಹಲಗೆಯ ಮೇಲೆ ಬ್ಯಾಟರಿ, ಬಲ್ಬು, ಎರಡು ಮೀಟರು, ಪಕ್ಕದಲ್ಲಿ ಪ್ಯಾನೆಲ್ಲು. ವಯರುಗಳನ್ನು ಬೇಕೆಂದೇ ಬಿಡಿಯಾಗಿ ಇಟ್ಟಿದ್ದೇನೆ. ಡಿಪ್ಲೊಮಾ ಮಕ್ಕಳು ತಾವೇ ಜೋಡಿಸಬೇಕು, ತಪ್ಪಬೇಕು, ಮತ್ತೆ ಜೋಡಿಸಬೇಕು.

ಪ್ಯೂನ್ ಹಣಮಂತ ಚಹಾ ತಂದ. "ಸೂರ್ಯಾಗ ಮೀಟರ್ ಯಾಕ್ರಿ ಸರ? ಬಿಲ್ ಯಾರ್ ಕಳಸ್ತಾರ?"

೧೪ ಫೆಬ್ರುವರಿ

ಡಿಪಾರ್ಟ್‌ಮೆಂಟಿನ ಹೆಡ್ ಸದಾನಂದ ಸರ್ ಬಂದು ನೋಡಿದರು.

"ಎಂಥದು ತಿರುಮಲೇಶ, ವಯರೆಲ್ಲ ಹೊರಗೇ ಉಂಟಲ್ಲ! ಮಕ್ಕಳು ಉಲ್ಟಾ ಕೊಟ್ಟರೆ?"

"ಕೊಡಲಿ ಅಂತಲೇ ಸರ್. ಮುಳ್ಳು ಹಿಂದಕ್ಕೆ ಹೋಗುತ್ತೆ, ಗೊತ್ತಾಗುತ್ತೆ. ಫ್ಯೂಸ್ ಹಾಕಿದೀನಿ."

"ನಿನ್ನ ಫ್ಯೂಸ್ ಬಿಡು ಮಾರಾಯ. ಇನ್‌ಸ್ಪೆಕ್ಷನ್ ಕಮಿಟಿ ಬರ್ತದೆ. ಅಲ್ಲಿವರೆಗೆ ಯಾರೂ ಮುಟ್ಟುವುದು ಬೇಡ."

೨೭ ಫೆಬ್ರುವರಿ

ರಜೆ ಮುಗಿಸಿ ಬಂದರೆ ಟೆರೇಸು ಖಾಲಿ. ಬೋರ್ಡು ಲ್ಯಾಬಿನಲ್ಲಿ. ಮೇಲೆ ಪ್ಲಾಸ್ಟಿಕ್ ಹಾಳೆ, ಮೂಲೆಮೂಲೆಗೆ ಸ್ಕ್ರೂ. ಪ್ಯಾನೆಲ್ಲು ಟ್ಯೂಬ್‌ಲೈಟಿನ ಕೆಳಗೆ, ಕ್ಯಾಲೆಂಡರಿನ ಹಾಗೆ ಗೋಡೆಗೆ! ಮುಳ್ಳು ಅಲುಗುವುದೂ ಇಲ್ಲ.

"ಇಲ್ಲಿ ಬಿಸಿಲೇ ಇಲ್ಲ ಸರ್," ಎಂದೆ ಸದಾನಂದ ಸರ್‌ಗೆ.

"ಹಿಂದಿನಿಂದ ಗೋಡೆಯ ಪ್ಲಗ್ಗಿಗೆ ಕೊಟ್ಟಿದೆ. ಬಲ್ಬು ಹೊತ್ತಿದರೆ ಸಾಕಲ್ಲ?"

ಮನೆಯಲ್ಲಿ ಹೆಂಡತಿ ರಮಾಮಣಿ: "ಕಮಿಟಿ ಹೋಗೋವರೆಗೆ ಬಾಯಿ ಮುಚ್ಕೊಂಡಿರಿ. ಅವರು ಬರೆದುಕೊಟ್ರೆ ತಾನೇ ನಿಮ್ಮ ನೌಕರಿ ಪರ್ಮನೆಂಟು?"

೨ ಮಾರ್ಚ್

ಕಮಿಟಿ ಬಂತು. ಪ್ಲಗ್ಗಿನ ಕರೆಂಟಿಗೆ ಬಲ್ಬು ಹೊತ್ತಿತು. "ವೆರಿ ಗುಡ್" ಎಂದರು, ಬಟಾಟವಡೆ ತಿಂದರು, ಹೋದರು. ಕಿಟಕಿಯ ಪರದೆ ಕೂಡ ಸರಿಸಿರಲಿಲ್ಲ. ಸೌರಶಕ್ತಿ!

ಇನ್ನು ಹಾಳೆ ತೆಗೆಯೋಣವೇ ಎಂದು ಸದಾನಂದ ಸರ್ ಅವರನ್ನು ಕೇಳಿದೆ. "ಹಾಳಾದರೆ ಯಾರು ಉತ್ತರ ಕೊಡುವುದು? ಇರಲಿ."

೯ ಮಾರ್ಚ್

ಪ್ರಾಕ್ಟಿಕಲ್ ಜರ್ನಲ್ ತಿದ್ದಲು ಕೂತೆ. ಇಡೀ ಕ್ಲಾಸಿನದು ಒಂದೇ ರೀಡಿಂಗ್. ಮಧ್ಯಾಹ್ನ ಎಷ್ಟೋ ಸಂಜೆ ಆರಕ್ಕೂ ಅಷ್ಟೇ ಕರೆಂಟು. ಅದೇ ಕ್ಲಾಸಿನ, ಅರ್ಧ ಹಿಂದಿಯಲ್ಲೇ ಮಾತಾಡುವ ವಿನೋದಿನಿಯನ್ನು ಕರೆದು ಕೇಳಿದೆ — ಇದೆಲ್ಲಿಂದ ಬಂತಮ್ಮ?

"ಹೆಡ್ ಸರ್ ನೇ ಲಿಖವಾಯಾ. ನಮಗೆ ಬೋರ್ಡ್... ಛೂನೇ ಹೀ ನಹೀ ದಿಯಾ, ಸರ್." ಬರೆಸಿದ್ದು ಹೆಡ್ ಸರ್ ಅಂತೆ, ಬೋರ್ಡನ್ನು ಮುಟ್ಟಲು ಬಿಡಲೇ ಇಲ್ಲವಂತೆ.

ನಾಡಿದ್ದು ಕೊನೆಯ ಪ್ರಾಕ್ಟಿಕಲ್. ಆಮೇಲೆ ಈ ಬ್ಯಾಚು ಹೊರಗೆ. ಸೋಲಾರ್ ಕಲಿತವರು ಅಂತ ಕೈಯಲ್ಲಿ ಸರ್ಟಿಫಿಕೇಟು, ಒಂದು ವಯರನ್ನೂ ಮುಟ್ಟದೆ.

೧೧ ಮಾರ್ಚ್, ಶನಿವಾರ, ಸಂಜೆ

ಯಾರನ್ನೂ ಕೇಳಲಿಲ್ಲ. ಸ್ಕ್ರೂ ಬಿಚ್ಚಿದೆ. ಮಕ್ಕಳೇ ಎಲ್ಲವನ್ನೂ ಟೆರೇಸಿಗೆ ಹೊತ್ತರು. ಮೊದಲನೆಯವನೇ ಉಲ್ಟಾ ಕೊಟ್ಟ. ಮುಳ್ಳು ಹಿಂದಕ್ಕೆ. "ಅರೇ ಯಾರ್, ಏ ತೋ ಸೂರಜ್ ಕೋ ಚಾರ್ಜ್ ಕರ್ ರಹಾ ಹೈ!" — ಸೂರ್ಯನನ್ನೇ ಚಾರ್ಜ್ ಮಾಡ್ತಿದೆಯಂತೆ! ಎಲ್ಲರೂ ನಕ್ಕರು. ವಿನೋದಿನಿಯ ಸರದಿ. ಓಢಣಿಯ ತುದಿಯನ್ನು ಪ್ಯಾನೆಲ್ಲಿನ ಮೂಲೆಗೆ ಹಾಕಿದಳು, ಮುಳ್ಳು ಕುಸಿಯಿತು. ತೆಗೆದಳು, ಏರಿತು. ಮತ್ತೆ ಹಾಕಿದಳು.

ಮೆಟ್ಟಿಲ ಬಾಗಿಲಲ್ಲಿ ಸದಾನಂದ ಸರ್. "ಯಾರು ಹೇಳಿದ್ದು ಬಿಚ್ಚಲಿಕ್ಕೆ?"

"ಯಾರೂ ಹೇಳಲಿಲ್ಲ. ನಾನೇ ಬಿಚ್ಚಿದೆ ಸರ್."

ನನ್ನ ಕಡೆ ನೋಡಲೇ ಇಲ್ಲ. ಅವಳತ್ತ ಕೈ ಚಾಚಿದರು. "ವಯರ್ ಕೊಡಮ್ಮ ಇಲ್ಲಿ."

ಅವಳು ಮೀಟರಿನಿಂದ ಕಣ್ಣು ತೆಗೆಯಲಿಲ್ಲ. "ಒನ್ ಮಿನಿಟ್ ಸರ್. ನನ್ದು ರೀಡಿಂಗ್ ಬಾಕಿ ಇದೆ."

ಚಾಚಿದ ಕೈ ಹಾಗೇ ಇತ್ತು. ಅವಳು ಜರ್ನಲ್ ತೆಗೆದು, ಅವರೇ ಬರೆಸಿದ ಪುಟಕ್ಕೆ ಅವರೆದುರೇ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತನ್ನದನ್ನು ಬರೆದಳು. ಹಿಂದೆ ಉಳಿದವರೂ ಪೆನ್ನು ತೆಗೆದರು.

ಸೋಮವಾರ ನಾನು ಪ್ರಿನ್ಸಿಪಾಲರ ಕೋಣೆಗೆ ಬರಬೇಕಂತೆ. ರಮಾಮಣಿಗೆ ಇನ್ನೂ ಹೇಳಿಲ್ಲ.